ಹೆಳವನ ಎತ್ತು, ನಮ್ಮ ಮೆಟ್ಟಿಲು

ಸುಗ್ಗಿಯ ರಾಶಿ ಮನೆ ಸೇರಿದ ಮೇಲೆ ನಮ್ಮ ಸೀಮೆಯ ಹಳ್ಳಿಗಳಿಗೆ ಹೆಳವರು ಬರುತ್ತಿದ್ದುದು ಹಿರಿಯ ಓದುಗರಿಗೆ ನೆನಪಿದ್ದೀತು. ಎತ್ತಿನ ಮೇಲೆ ಕುಳಿತು, ಕಾಲುಗಳು ಕಾಣದಂತೆ ಕಂಬಳಿ ಹೊದ್ದು, ಮನೆಯ ಮುಂದೆ ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಒಂದೂ ತಪ್ಪದಂತೆ ಹೇಳುತ್ತಿದ್ದವರು ಅವರು. ಎಡ್ಗರ್ ಥರ್ಸ್ಟನ್ನರು ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತು 1909ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಗ್ರಂಥಮಾಲೆಯಲ್ಲಿ ಬಳ್ಳಾರಿಯ ಹೆಸರನ್ನೇ ಎತ್ತಿ, ಹೆಳವರು ಇಲ್ಲಿನ ಗ್ರಾಮಚರಿತ್ರೆಯ ರಕ್ಷಕರೆಂದು ಬರೆದಿದ್ದಾರೆ. ಅವರು ಎತ್ತನ್ನೇರಿ ಬರುವುದನ್ನೂ ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಳ್ಳುವುದನ್ನೂ ಬರೆದಿದ್ದಾರೆ.

ಹೆಳವನೆಂದರೆ ಕಾಲಿಲ್ಲದವನು, ನಡೆಯಲಾರದವನು. ಇಂದಿನ ಹೆಳವರು ಎಲ್ಲರಂತೆ ನಡೆಯಬಲ್ಲವರೇ. ಹೆಸರು ಮಾತ್ರ ಕುಲಕ್ಕೆ ಉಳಿದಿದೆ. ಮೂಲಪುರುಷನೊಬ್ಬನು ಹೆಳವನಾಗಿದ್ದನೆಂದೂ ಅವನಿಗೆ ಏರಿ ಹೋಗಲು ಎತ್ತನ್ನು ಕೊಡಲಾಯಿತೆಂದೂ ಹೇಳಿಕೆಯುಂಟು. ಕೊಟ್ಟವರು ಬಸವಣ್ಣನವರೇ ಎಂದು ಹೇಳುವವರೂ ಉಂಟು. ಕಥೆಯ ಸತ್ಯಾಸತ್ಯವನ್ನು ವಿದ್ವಾಂಸರಿಗೆ ಬಿಡೋಣ. ಅದರೊಳಗಿನ ಏರ್ಪಾಟನ್ನು ಮಾತ್ರ ನಾವು ಗಮನಿಸಬೇಕು. ನಡೆಯಲಾರದವನನ್ನು ಯಾರೂ ಹೊತ್ತು ತಿರುಗಲಿಲ್ಲ, ಮನೆಯ ಮೂಲೆಯಲ್ಲಿ ಕೂರಿಸಲೂ ಇಲ್ಲ. ಅವನಿಗೊಂದು ವಾಹನ ದೊರೆಯಿತು, ಬುದ್ಧಿಗೆ ತಕ್ಕ ಕಾಯಕ ದೊರೆಯಿತು, ಕಾಯಕಕ್ಕೆ ಮೊರದ ತುಂಬ ಕಾಳು ದೊರೆಯಿತು. ಅವನು ಮೆಟ್ಟಿಲು ಹತ್ತಲಿಲ್ಲ. ಮನೆಯವರೇ ಮೆಟ್ಟಿಲಿಳಿದು ಅವನ ಬಳಿಗೆ ಬಂದರು. ಹಿಂದಿನ ಕಾಲವೆಲ್ಲ ಕರುಣೆಯಿಂದ ತುಂಬಿತ್ತೆಂದು ನಾವು ಹೇಳುತ್ತಿಲ್ಲ. ಗುಡಿಯ ಬಾಗಿಲಲ್ಲಿ ಕೈಯೊಡ್ಡಿ ಕುಳಿತ ಹೆಳವರ ಸಂಖ್ಯೆ ಎತ್ತಿನ ಮೇಲೆ ಕುಳಿತವರಿಗಿಂತ ಬಹಳ ಹೆಚ್ಚಾಗಿಯೇ ಇದ್ದಿರಬೇಕು.

ಈ ಮಾತು ಇಲ್ಲೇಕೆ ಬಂದಿತೆಂದರೆ, ಇತ್ತೀಚಿನ ಒಂದು ಮದುವೆಯ ಕಾರಣದಿಂದ. ಬಳ್ಳಾರಿಯ ಒಂದು ಕಲ್ಯಾಣ ಮಂಟಪ. ಬಾಲ್ಯದಲ್ಲಿ ಪೋಲಿಯೋದಿಂದ ಎರಡು ಕಾಲುಗಳ ಬಲವನ್ನೂ ಕಳೆದುಕೊಂಡ, ಈಗ ಐವತ್ತು ಸಮೀಪಿಸಿರುವ ಶಿಕ್ಷಕರೊಬ್ಬರು ತಂಗಿಯ ಮಗಳ ಮದುವೆಗೆ ಬಂದಿದ್ದರು. ನಾಲ್ವರು ತರುಣರು ಓಡಿಬಂದು ಗಾಲಿಕುರ್ಚಿಯ ಸಮೇತ ಅವರನ್ನು ಎತ್ತಿ, ಹದಿನಾಲ್ಕು ಮೆಟ್ಟಿಲುಗಳನ್ನು ಹತ್ತಿಸಿಯೇ ಬಿಟ್ಟರು. ನೆರೆದವರೆಲ್ಲ ಹುಡುಗರನ್ನು ಹೊಗಳಿದರು, ನಾವೂ ಹೊಗಳಿದೆವು. ಊಟದ ಹೊತ್ತಿಗೆ ಆ ಶಿಕ್ಷಕರು ಮೆಲುದನಿಯಲ್ಲಿ ಹೇಳಿದ ಮಾತು ನಮ್ಮ ಕೈಯ ತುತ್ತನ್ನು ತಡೆಯಿತು. ಮದುವೆ ಮುಂಜಿಗೆ ಹೋಗುವುದಿದ್ದರೆ ಅವರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದಿಲ್ಲವಂತೆ. ನೀರು ಕುಡಿದರೆ ಶೌಚಕ್ಕೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಅದೇ ತರುಣರನ್ನು ಹುಡುಕಿ ಕರೆದು, ಕಾರಣ ಹೇಳಿ, ಎಲ್ಲರ ಕಣ್ಣೆದುರಿಗೆ ಮತ್ತೆ ಹೊರಿಸಿಕೊಂಡು ಕೆಳಗಿಳಿಯಬೇಕಾಗುತ್ತದೆ. ಹೋಳಿಗೆ ಬಡಿಸಿದವರಿಗೆ ಅವರು ಬೇಡವೆಂದದ್ದು ಸಿಹಿಮೂತ್ರದ ಭಯದಿಂದಲ್ಲ.

ನಡೆಯಲು ಕಷ್ಟವುಳ್ಳವರಿಗೆ ನಾವು ಕೊಡುವ ಸಹಾಯದಲ್ಲಿ ಬಹುಪಾಲು ಈ ಬಗೆಯದು. ನಮಗೆ ಒಂದು ಗಳಿಗೆಯ ಪುಣ್ಯ, ಅವರಿಗೆ ದಿನವಿಡೀ ಪರಾಧೀನತೆ. ಅವರಿಗೆ ಬೇಕಾದುದು ತಾವಾಗಿಯೇ ಹೋಗಿ ತಾವಾಗಿಯೇ ಬರುವ ಹಾದಿ.

2011ರ ಜನಗಣತಿಯಲ್ಲಿ ನಮ್ಮ ದೇಶದ ಅಂಗವಿಕಲರ ಸಂಖ್ಯೆ 2 ಕೋಟಿ 68 ಲಕ್ಷ. ಅವರಲ್ಲಿ ಚಲನೆಯ ತೊಂದರೆಯುಳ್ಳವರೇ 54 ಲಕ್ಷಕ್ಕೂ ಹೆಚ್ಚು. ಕರ್ನಾಟಕದಲ್ಲಿ ಎಲ್ಲ ಬಗೆಯವರೂ ಸೇರಿ 13 ಲಕ್ಷ ಮೀರಿದ್ದರು. ಇಷ್ಟು ಜನ ನಮ್ಮ ಜಾತ್ರೆಗಳಲ್ಲಿ, ಮದುವೆಗಳಲ್ಲಿ, ಸಭೆಗಳಲ್ಲಿ ಏಕೆ ಕಾಣುವುದಿಲ್ಲವೆಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ಅವರು ಮನೆಗಳಲ್ಲಿದ್ದಾರೆ, ನಮ್ಮ ನಿಮ್ಮ ಮನೆಗಳಲ್ಲಿಯೇ ಇದ್ದಾರೆ.

ಹೆಸರಿನ ವಿಷಯದಲ್ಲಿ ಒಂದು ಮಾತು. ಕುಂಟ, ಹೆಳವ ಎಂಬ ಮಾತುಗಳನ್ನು ಬಿಟ್ಟು ಅಂಗವಿಕಲ ಎಂದೆವು. ಅನಂತರ ಸರ್ಕಾರದ ಇಲಾಖೆ ವಿಕಲಚೇತನ ಎಂಬ ಪದವನ್ನು ತಂದಿತು, ಕೇಂದ್ರದವರು ದಿವ್ಯಾಂಗರೆಂದರು. ಉದ್ದೇಶ ಒಳ್ಳೆಯದೇ. ಆದರೂ ವಿಕಲಚೇತನ ಎಂಬುದು ನಮಗೆ ಒಪ್ಪಿಗೆಯಾಗಿಲ್ಲ. ಕಾಲಿಗೆ ವಿಕಲತೆ ಉಂಟಾದೀತು, ಚೇತನಕ್ಕೆ ವಿಕಲತೆ ಎಲ್ಲಿಯದು? ಕಾಗದ ಪತ್ರಗಳಲ್ಲಿ ಇಲಾಖೆಯ ಪದವಿರಲಿ; ಮನೆಯಲ್ಲಿಯೂ ಬೀದಿಯಲ್ಲಿಯೂ ಅವರ ಹೆಸರನ್ನೇ ಹಿಡಿದು, ಅಣ್ಣ, ಅಕ್ಕ, ಮಾವ ಎಂದು ಕರೆದರೆ ಸಾಕು. ಪೂರ್ವಜನ್ಮದ ಪಾಪವೆಂಬ ಮಾತನ್ನಂತೂ ಶರಣರ ಹೆಸರು ಹೇಳುವ ಮನೆಗಳಲ್ಲಿ ಆಡಲೇಬಾರದು. ಪೋಲಿಯೋ ಒಂದು ವೈರಾಣುವಿನಿಂದ ಬಂದ ರೋಗ. 1995ರಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೋ ಆರಂಭವಾಯಿತು, 2011ರ ಜನವರಿಯಲ್ಲಿ ಬಂಗಾಳದ ಹೌರಾದಲ್ಲಿ ಕಂಡದ್ದೇ ಕಾಡು ವೈರಾಣುವಿನ ಕೊನೆಯ ಪ್ರಕರಣ, 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ಪಡೆಯಿತು. ಎರಡು ಹನಿ ಲಸಿಕೆಗೆ ಹೆದರಿದ ರೋಗವನ್ನು ಕರ್ಮವೆನ್ನುವುದು ಹೇಗೆ?

ನಡೆಯಲಾಗದಿರುವುದು ಹೊರನೋಟಕ್ಕೆ ಒಂದೇ ಬಗೆಯಾಗಿ ಕಂಡರೂ ಒಳಗೆ ಬೇರೆ ಬೇರೆ. ಪೋಲಿಯೋ ಆದವರ ಕಾಲಿಗೆ ಬಲವಿಲ್ಲ, ಸ್ಪರ್ಶಜ್ಞಾನ ಇದ್ದೇ ಇರುತ್ತದೆ. ಇಷ್ಟು ವರ್ಷ ಊರುಗೋಲಿನಲ್ಲಿ ಓಡಾಡಿದವರು ಐವತ್ತರ ಹೊತ್ತಿಗೆ ಹೊಸದಾಗಿ ದಣಿವು, ನೋವು, ಬಲಹೀನತೆ ಎಂದರೆ ಅದು ಸೋಮಾರಿತನವಲ್ಲ. ಹಳೆಯ ಪೋಲಿಯೋದ ತಡವಾದ ಪರಿಣಾಮವೆಂದು ವೈದ್ಯಶಾಸ್ತ್ರ ಗುರುತಿಸಿದೆ. ಬೆನ್ನುಹುರಿಗೆ ಪೆಟ್ಟಾದವರ ಸ್ಥಿತಿ ಇನ್ನೊಂದು. ಮರದಿಂದಲೋ ಮಾಳಿಗೆಯಿಂದಲೋ ಬಿದ್ದವರು, ಟ್ರ್ಯಾಕ್ಟರ್ ಮಗುಚಿದಾಗ ಅಡಿ ಸಿಕ್ಕಿದವರು, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು ಈ ಗುಂಪಿನವರು. ಅವರಿಗೆ ಸೊಂಟದ ಕೆಳಗೆ ಬಲವೂ ಇಲ್ಲ, ಸ್ಪರ್ಶವೂ ಇಲ್ಲ. ಒಂದೇ ಭಂಗಿಯಲ್ಲಿ ಕೂತರೆ ಒತ್ತಿದ ಚರ್ಮ ಸಾಯುತ್ತಿರುವುದು ಅವರಿಗೆ ತಿಳಿಯುವುದಿಲ್ಲ, ಹಾಸಿಗೆ ಹುಣ್ಣು ಎಲುಬಿನವರೆಗೂ ಇಳಿದು ಪ್ರಾಣಕ್ಕೆ ಮುಳುವಾಗುತ್ತದೆ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕುರ್ಚಿಯಲ್ಲಿ ಕುಳಿತವರು ಅರ್ಧ ಗಂಟೆ ಮೀರದಂತೆ ಕೈಯೂರಿ ಮೈಯನ್ನೆತ್ತಿ ಭಾರ ಇಳಿಸಬೇಕು. ಅಡಿಗೆ ಒಳ್ಳೆಯ ದಿಂಬು ಬೇಕು. ಲಕ್ವ ಹೊಡೆದವರಿಗೆ ಮೊದಲ ಕೆಲವು ತಿಂಗಳ ವ್ಯಾಯಾಮವೇ ಔಷಧ. ಆ ತಿಂಗಳುಗಳನ್ನು ನಾಟಿ ಎಣ್ಣೆಯ ಹಿಂದೆ ಊರೂರು ಅಲೆದು ಕಳೆಯುವುದನ್ನು ಕಂಡು ನಮಗೆ ಸಂಕಟವಾಗುತ್ತದೆ. ಇನ್ನು ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ಸೆರೆಬ್ರಲ್ ಪಾಲ್ಸಿಯಾದ ಮಕ್ಕಳು: ಮೈ ಸೆಟೆದು, ಮಾತು ತೊದಲಿ, ಜೊಲ್ಲು ಸುರಿದೊಡನೆ ಬುದ್ಧಿಯೂ ಇಲ್ಲವೆಂದು ತೀರ್ಮಾನಿಸಿಬಿಡುತ್ತೇವೆ. ಎಷ್ಟೋ ಮಕ್ಕಳಲ್ಲಿ ಬುದ್ಧಿ ಚೊಕ್ಕವಾಗಿರುತ್ತದೆ. ಅವರ ಮುಂದೆಯೇ ಅವರ ಬಗ್ಗೆ ಆಡುವ ಮಾತನ್ನೆಲ್ಲ ಅವರು ಕೇಳಿಸಿಕೊಳ್ಳುತ್ತಿರುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಾರಣ ಕೊಳವೆಬಾವಿಯ ನೀರಿನಲ್ಲಿಯೇ ಇದೆ. ಫ್ಲೋರೈಡ್ ಹೆಚ್ಚಾದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುಗಟ್ಟುತ್ತದೆ, ಮುಂದೆ ಬೆನ್ನು ಬಾಗಿ ಕೀಲುಗಳು ಬಿಗಿಯುತ್ತವೆ. ಭಾರತದಲ್ಲಿ ಈ ಎಲುಬಿನ ರೋಗವನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಅಂದು ನಮ್ಮ ಬಳ್ಳಾರಿಯೂ ಅದೇ ಮದರಾಸು ಪ್ರಾಂತದಲ್ಲಿತ್ತು. ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರೇ ಇಲ್ಲದಿದ್ದಲ್ಲಿ 1.5 ಮೀರಬಾರದು ಎಂಬುದು ಕುಡಿಯುವ ನೀರಿನ ಮಾನಕ. ಬಾಗಿದ ಬೆನ್ನನ್ನು ನೇರ ಮಾಡುವ ಮದ್ದಿಲ್ಲ, ಮೊಮ್ಮಗನ ಬೆನ್ನನ್ನು ಉಳಿಸಿಕೊಳ್ಳಬಹುದು. ಹೊಲದ ಮನೆಯ ಬೋರಿನ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡಿರಿ.

ಸಾಧನಗಳ ವಿಷಯಕ್ಕೆ ಬಂದರೆ, ಜೈಪುರದ ಕಾಲಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸುತ್ತದೆ. ಮೊದಲೆಲ್ಲ ಕಾಲು ಕತ್ತರಿಸಿದವರಿಗೆ ವಿದೇಶಿ ಮಾದರಿಯ ಕೃತಕ ಕಾಲು ಕೊಡುತ್ತಿದ್ದರು. ಅದಕ್ಕೆ ಬೂಟು ಹಾಕಲೇಬೇಕು, ಅದು ನೀರಿಗೆ ಆಗದು, ಮಡಚಿ ಕೂರಲು ಬಾರದು. ನಮ್ಮ ರೈತನಿಗೆ ಅದರಿಂದ ಏನು ಪ್ರಯೋಜನ? ಸಿರುಗುಪ್ಪದ ಭತ್ತದ ಗದ್ದೆಯ ಕೆಸರಿನಲ್ಲಿ ಬೂಟು ಹಾಕಿ ನಾಟಿ ಮಾಡಲಾದೀತೆ? ಗುಡಿಯೊಳಕ್ಕೆ ಬೂಟಿನಲ್ಲಿ ಹೋಗಲಾದೀತೆ? ಪಂಕ್ತಿಯಲ್ಲಿ ಕಾಲು ಚಾಚಿ ಕುಳಿತು ಉಣ್ಣಲಾದೀತೆ? ಹೀಗಾಗಿ ಜನ ಆ ಕಾಲನ್ನು ಅಟ್ಟಕ್ಕೆ ಎಸೆದು ಮತ್ತೆ ಊರುಗೋಲು ಹಿಡಿಯುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಜೈಪುರದ ಮೂಳೆವೈದ್ಯ ಡಾ. ಪಿ. ಕೆ. ಸೇಠಿ ಮತ್ತು ಅಲ್ಲಿನ ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ರಬ್ಬರಿನ ಪಾದವೊಂದನ್ನು ರೂಪಿಸಿದರು. ಬರಿಗಾಲಿನಂತೆ ಕಾಣುವ, ಕೆಸರಿಗಿಳಿಯುವ, ಕುಕ್ಕರುಗಾಲಿನಲ್ಲಿ ಕೂರಲು ಬರುವ ಪಾದ ಅದು. ಶರ್ಮಾ ಅವರು ಹೆಚ್ಚು ಶಾಲೆ ಕಲಿತವರಲ್ಲ, ವಿಗ್ರಹ ಕೆತ್ತುವ ಕುಲಕಸುಬಿನವರು. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ನಮ್ಮ ಊಟ, ನಮ್ಮ ಪೂಜೆ, ನಮ್ಮ ಗದ್ದೆಯನ್ನು ತಿಳಿದವರು ಮಾಡಿದ ಕಾಲಾದ್ದರಿಂದಲೇ ಅದು ನಡೆಯಿತು.

ಗಾಲಿಕುರ್ಚಿಗೂ ಇದೇ ಮಾತು ಸಲ್ಲುತ್ತದೆ. ದಾನಿಗಳು ಶಿಬಿರದಲ್ಲಿ ಒಂದೇ ಅಳತೆಯ ನೂರು ಕುರ್ಚಿಗಳನ್ನು ಸಾಲಾಗಿ ನಿಲ್ಲಿಸಿ, ಫೋಟೋ ತೆಗೆಸಿ, ಹಂಚಿ ಹೋಗುತ್ತಾರೆ. ಎಂಟು ವರ್ಷದ ಹುಡುಗಿಗೂ ಎಂಬತ್ತು ಕಿಲೋ ತೂಕದ ಗೃಹಸ್ಥನಿಗೂ ಒಂದೇ ಕುರ್ಚಿ! ಆ ಮಗುವಿನ ಬೆನ್ನು ಇನ್ನಷ್ಟು ಸೊಟ್ಟಗಾಗುತ್ತದೆಂದು ಯಾರೂ ಹೇಳುವುದಿಲ್ಲ. ನಮ್ಮ ಸಮಾಜದ ದಾನಿಗಳಲ್ಲಿ ನಮ್ಮ ವಿನಂತಿ: ಹತ್ತೇ ಕೊಡಿರಿ, ಅಳತೆ ತೆಗೆಸಿ ಕೊಡಿರಿ. ಊರುಗೋಲಿಗೂ ಅಳತೆಯುಂಟು. ಅದರ ತಲೆ ಕಂಕುಳಿಗೆ ಒತ್ತಬಾರದು, ಎರಡು ಮೂರು ಬೆರಳಿನಷ್ಟು ಕೆಳಗಿರಬೇಕು. ಮೈಭಾರವೆಲ್ಲ ಅಂಗೈಯ ಮೇಲೆ ಬೀಳಬೇಕು. ಕಂಕುಳಲ್ಲಿ ಭಾರ ಬಿಟ್ಟರೆ ಅಲ್ಲಿಯ ನರ ಜಜ್ಜಿ ಕೈಯೂ ಜೋಮು ಹಿಡಿಯುತ್ತದೆ. ಅಜ್ಜ ಅಜ್ಜಿಯರ ಕೈಗೋಲಿನ ಹಿಡಿ, ಕೈ ಇಳಿಬಿಟ್ಟು ನಿಂತಾಗ, ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ನೋವಿರುವ ಮೊಣಕಾಲಿನ ಎದುರು ಕೈಯಲ್ಲಿ ಅದನ್ನು ಹಿಡಿಯಬೇಕು. ಅದರ ತುದಿಯ ರಬ್ಬರು ಸವೆದಾಗ ಬದಲಿಸದೆ ಜಾರಿ ಬಿದ್ದು ಸೊಂಟ ಮುರಿದುಕೊಂಡವರನ್ನು ನಾವು ಬಲ್ಲೆವು. ಆ ರಬ್ಬರಿಗೆ ಕೆಲವೇ ರೂಪಾಯಿ ಬೆಲೆ.

ಮನೆಯೊಳಗೆ ಅತಿ ಕಷ್ಟದ ತಾಣ ಬಚ್ಚಲು ಮತ್ತು ಪಾಯಖಾನೆ. ಕೂತರೆ ಏಳಲಾರದ ತಾಯಂದಿರು ಸಂಕೋಚದಿಂದ ಬಾಯಿಬಿಡದೆ ಊಟವನ್ನೇ ಕಡಿಮೆ ಮಾಡಿಕೊಳ್ಳುತ್ತಾರೆ. ಗೋಡೆಗೆ ಭದ್ರವಾಗಿ ಕೂಡಿಸಿದ ಒಂದು ಕಬ್ಬಿಣದ ಹಿಡಿ, ನೆಲದ ಪಾಯಖಾನೆಯ ಮೇಲಿಡಲು ನಡುವೆ ತೂತಿರುವ ಒಂದು ಕುರ್ಚಿ, ಜಾರದ ಒರಟು ಕಲ್ಲು, ರಾತ್ರಿ ಒಂದು ದೀಪ: ಇಷ್ಟರಲ್ಲಿ ಆ ತಾಯಿಯ ದಿನವೇ ಬದಲಾಗುತ್ತದೆ. ನಮ್ಮ ಕಡೆಯ ಹಳೆಯ ಮನೆಗಳ ಹೊಸ್ತಿಲು ಎತ್ತರ. ಪೂಜೆಯ ಹೊಸ್ತಿಲನ್ನು ಕಡಿಯುವುದು ಬೇಡವೆನ್ನುವವರು ಅದರ ಎರಡೂ ಪಕ್ಕಕ್ಕೆ ಹಲಗೆಯ ಇಳಿಜಾರು ಜೋಡಿಸಬಹುದು. ಹೊಸ ಮನೆ ಕಟ್ಟುವವರು ಒಂದು ಬಾಗಿಲನ್ನಾದರೂ ಮೂರಡಿ ಅಗಲ ಬಿಡಲಿ. ಗಾಲಿಕುರ್ಚಿ ಬರಲಾರದ್ದು ಎಷ್ಟೋ ಮನೆಗಳಲ್ಲಿ ಬಚ್ಚಲಿನ ಬಾಗಿಲಿಗೇ.

ಸಹಾಯ ಮಾಡುವಾಗಿನ ರೀತಿನೀತಿ ಹೆಚ್ಚೇನಿಲ್ಲ. ಮೊದಲು ಕೇಳಬೇಕು, ಬೇಡವೆಂದರೆ ಸುಮ್ಮನಿರಬೇಕು. ಬೇಕೆಂದರೆ ಹೇಗೆಂದು ಅವರೇ ಹೇಳುತ್ತಾರೆ. ಊರುಗೋಲು ಹಿಡಿದವರ ರಟ್ಟೆಯನ್ನು ಹಿಡಿದೆಳೆದರೆ ಅವರ ತೂಕ ತಪ್ಪುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಜೊತೆಗಿರುವವರು ಎರಡೂ ಸಲ ಅವರಿಗಿಂತ ಕೆಳಗಿನ ಮೆಟ್ಟಿಲಲ್ಲಿರಬೇಕು. ಕಡಿದಾದ ಇಳಿಜಾರಿನಲ್ಲಿ ಗಾಲಿಕುರ್ಚಿಯನ್ನು ಹಿಂದುಮುಂದಾಗಿ ಇಳಿಸಬೇಕು, ಇಲ್ಲವಾದರೆ ಕುಳಿತವರು ಮುಂದಕ್ಕೆ ಬೀಳುತ್ತಾರೆ. ಅವರ ಕುರ್ಚಿ ಅವರ ಮೈಯ ಭಾಗವಿದ್ದಂತೆ, ಅದರ ಮೇಲೆ ಒರಗುವುದು, ಕೇಳದೆ ಸರಿಸುವುದು ಸಲ್ಲದು. ಊರುಗೋಲನ್ನು ಅಚ್ಚುಕಟ್ಟಿನ ನೆಪದಲ್ಲಿ ದೂರದ ಮೂಲೆಗಿಡುವ ಗೃಹಿಣಿಯರೂ ಇದ್ದಾರೆ. ಅದು ಅವರನ್ನು ಕಟ್ಟಿಹಾಕಿದಂತೆ. ಬೀಗರ ಮನೆಯವರು ಕುರ್ಚಿಯಲ್ಲಿ ಕುಳಿತವರನ್ನು ಬಿಟ್ಟು ಹಿಂದೆ ನಿಂತವರೊಡನೆ "ಇವರಿಗೆ ಕಾಫಿ ಕೊಡಬಹುದೆ?" ಎಂದು ಕೇಳುವುದನ್ನು ನಾವೇ ಕಂಡಿದ್ದೇವೆ.

ಕಾಯಕದ ವಿಷಯದಲ್ಲಿ ಹೇಳಬೇಕಾದರೆ, ಬಳ್ಳಾರಿಯ ಜೀನ್ಸ್ ಹೊಲಿಗೆಗೆ ದೇಶದಲ್ಲಿಯೇ ಹೆಸರಿದೆ. ಮೋಟಾರಿನ ಹೊಲಿಗೆ ಯಂತ್ರವನ್ನು ಕಾಲಿನ ಬದಲು ಕೈಯಿಂದ ಒತ್ತುವಂತೆ ಮಾರ್ಪಡಿಸಲು ಬರುತ್ತದೆ. ಗುಂಡಿ ಹಚ್ಚುವುದು, ದಾರ ಕತ್ತರಿಸಿ ಪರಿಶೀಲಿಸುವುದು, ಲೆಕ್ಕ ಬರೆಯುವುದು ಕುಳಿತೇ ಮಾಡುವ ಕೆಲಸಗಳು. ಅಂಥ ಉದ್ಯಮ ನಡೆಸುವ ನಮ್ಮ ಬಾಂಧವರು ಯೋಚಿಸಬೇಕು. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಸ್ಥೆಯನ್ನು ಕಟ್ಟಿದ ಎನ್. ಎಸ್. ಹೇಮಾ ಅವರು ಸ್ವತಃ ಗಾಲಿಕುರ್ಚಿಯಲ್ಲಿದ್ದವರು. ಮಾಲತಿ ಹೊಳ್ಳ ಅವರು ಪೋಲಿಯೋ ಪೀಡಿತರಾಗಿಯೂ ಗಾಲಿಕುರ್ಚಿಯಿಂದಲೇ ಕ್ರೀಡಾಂಗಣ ಗೆದ್ದು 2001ರಲ್ಲಿ ಪದ್ಮಶ್ರೀ ಪಡೆದರು. ಇಂಥವರ ಹೆಸರುಗಳನ್ನು ಭಾಷಣಗಳಲ್ಲಿ ಹೇಳಿ, ಮನೆಯ ಮಗಳು ಕಾಲಿನ ತೊಂದರೆಯವಳೆಂದು ಏಳನೆಯ ತರಗತಿಗೇ ಶಾಲೆ ಬಿಡಿಸುವ ತಂದೆತಾಯಿಗಳಿಗೆ ಏನೆನ್ನೋಣ? ಅಕ್ಕನ ಸಂಬಂಧ ಕೆಟ್ಟೀತೆಂದು ತಂಗಿಯನ್ನು ಒಳಕೋಣೆಯಲ್ಲಿ ಕೂರಿಸಿ ಹೆಣ್ಣು ತೋರಿಸುವ ಶಾಸ್ತ್ರ ನಡೆಸುವ ಮನೆಗಳು ಇನ್ನೂ ಇವೆ.

ಸರ್ಕಾರದಿಂದ ದೊರೆಯುವುದನ್ನು ಭಿಕ್ಷೆಯೆಂದು ತಿಳಿದು ಬಿಡುವವರಿದ್ದಾರೆ. ಅದು ಹಕ್ಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಏಳು ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹೆಚ್ಚಿಸಿತು. ಮಾಂಸಖಂಡಗಳ ಕ್ಷಯ, ಕುಬ್ಜತೆ, ಸೆರೆಬ್ರಲ್ ಪಾಲ್ಸಿ, ಗುಣಮುಖರಾದ ಕುಷ್ಠರೋಗಿಗಳು, ಆಸಿಡ್ ದಾಳಿಗೆ ತುತ್ತಾದವರು ಇವರೆಲ್ಲ ಅದರಲ್ಲಿದ್ದಾರೆ. ಶೇ. 40 ಮತ್ತು ಮೇಲ್ಪಟ್ಟ ವೈಕಲ್ಯವುಳ್ಳವರಿಗೆ ಸರ್ಕಾರಿ ಉದ್ಯೋಗದಲ್ಲಿ ಶೇ. 4, ಸರ್ಕಾರಿ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಶೇ. 5 ಮೀಸಲಾತಿ ಉಂಟು. ಎಲ್ಲಕ್ಕೂ ಮೂಲ ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿ. ಅದಕ್ಕೆ ಅರ್ಜಿ ಹಾಕಲು ದಾರಿ ತೋರಿಸುವವರು ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅವರಲ್ಲಿ ಅನೇಕರು ಸ್ವತಃ ಅಂಗವಿಕಲರೇ ಆದ್ದರಿಂದ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ. 5ನ್ನು ಅಂಗವಿಕಲರಿಗಾಗಿ ವ್ಯಯಿಸಬೇಕೆಂಬ ನಿಯಮವೂ ಇದೆ. ನಮ್ಮ ಸಮಾಜದ ಪಂಚಾಯಿತಿ ಸದಸ್ಯರು ಕಳೆದ ವರ್ಷ ಆ ಹಣ ಎಲ್ಲಿಗೆ ಹೋಯಿತೆಂದು ಸಭೆಯಲ್ಲಿ ಕೇಳಲಿ. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ ಅಂಗವಿಕಲರು ಮತ್ತು ಎಂಬತ್ತು ಮೀರಿದವರು ಮನೆಯಿಂದಲೇ ಮತ ಹಾಕಲು ಅವಕಾಶವಾಯಿತು. ಮತಪೆಟ್ಟಿಗೆಯೇ ಮನೆಗೆ ಬಂದ ಮೇಲೆ ಮಿಕ್ಕದ್ದು ಅಸಾಧ್ಯವೆನ್ನಲು ಬಾಯಿ ಬಾರದು.

ಕಡೆಗೆ ಮಠ, ಮಂದಿರ, ಮಂಟಪಗಳ ಮಾತು. ಕುರುಗೋಡಿನ ದೊಡ್ಡಬಸವೇಶ್ವರನ ಏಕಶಿಲೆಯ ಬೃಹನ್ಮೂರ್ತಿಯನ್ನು ಕಾಣಲು ಊರೂರಿನ ಭಕ್ತರು ಬರುತ್ತಾರೆ, ರಥೋತ್ಸವದ ದಿನವಂತೂ ಜನಸಾಗರ. ಇಷ್ಟಲಿಂಗ ಧರಿಸಿದವರಿಗೆ ದೇವರ ಬಳಿಗೆ ಹೋಗಲು ಮೆಟ್ಟಿಲೇ ಇಲ್ಲ, ಅಂಗೈಯಲ್ಲೇ ದೇವರಿದ್ದಾನೆ. ಆದರೆ ಭಕ್ತರ ಬಳಿಗೆ ಹೋಗಲು ಮೆಟ್ಟಿಲುಗಳಿವೆ. 2016ರ ಅಧಿನಿಯಮ ಸಾರ್ವಜನಿಕ ಕಟ್ಟಡವೆಂಬ ಮಾತಿನಲ್ಲಿ ಜನ ಸೇರುವ ಖಾಸಗಿ ಕಟ್ಟಡಗಳನ್ನೂ ಧಾರ್ಮಿಕ ಸ್ಥಳಗಳನ್ನೂ ಸೇರಿಸಿದೆ. ಇಂಥ ಅನುಕೂಲಗಳು ಬರಿಯ ಸಲಹೆಯಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್ 8ರಂದು ಹೇಳಿದೆ. ದಾಸೋಹದ ಪಂಕ್ತಿಯ ಕೊನೆಯಲ್ಲಿ ನಾಲ್ಕು ಮೇಜು ಕುರ್ಚಿ ಹಾಕಿದರೆ ಮರ್ಯಾದೆಗೆ ಕುಂದಿಲ್ಲ. ಅವನ್ನು ಬೇರೆ ಕೋಣೆಯಲ್ಲಿ ಮಾತ್ರ ಹಾಕಬೇಡಿರಿ, ಅದೇ ಸಾಲಿನ ಪಕ್ಕದಲ್ಲಿ ಹಾಕಿರಿ.

ಇಳಿಜಾರು ಕಟ್ಟಿಸುವ ಸಮಿತಿಗಳಿಗೆ ಅಳತೆ ಹೇಳಿ ಮುಗಿಸುತ್ತೇವೆ, ಏಕೆಂದರೆ ಎಷ್ಟೋ ಕಡೆ ಇದರಲ್ಲಿಯೇ ಎಡವುತ್ತಾರೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ಮಂಟಪದ ಕಟ್ಟೆ ಮೂರಡಿಯಿದ್ದರೆ ಇಳಿಜಾರು ಮೂವತ್ತಾರು ಅಡಿ. ಅಷ್ಟು ಜಾಗವಿಲ್ಲವೆಂದು ಹತ್ತಡಿಯಲ್ಲಿ ಕಟ್ಟಿ ಮುಗಿಸಿದರೆ ಅದರ ಮೇಲೆ ಗಾಲಿಕುರ್ಚಿ ಏರದು, ಹುಡುಗರು ಸ್ಕೂಟರ್ ಏರಿಸಿಯಾರು. ಜಾಗ ಸಾಲದಿದ್ದರೆ ನಡುವೆ ಐದಡಿ ಚೌಕದ ಸಮತಟ್ಟು ಬಿಟ್ಟು ಗೋಡೆಗುಂಟ ತಿರುಗಿಸಿರಿ. ಎರಡೂ ಬದಿಗೆ ಹಿಡಿಕಂಬಿ, ನಾಲ್ಕಡಿ ಅಗಲ, ನೆಲಕ್ಕೆ ನುಣುಪು ಗ್ರಾನೈಟ್ ಬೇಡ, ಒರಟು ಕಲ್ಲಿರಲಿ. ಅದರ ತುದಿಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಊರಲ್ಲಿಲ್ಲದ ಕಾರ್ಯದರ್ಶಿಯ ಬಳಿ ಇಡಬೇಡಿರಿ. ಶೌಚಗೃಹವೊಂದು ಅದೇ ಮಟ್ಟದಲ್ಲಿರಲಿ. ಕಟ್ಟುವ ಮೊದಲು ಊರಿನಲ್ಲಿ ಗಾಲಿಕುರ್ಚಿ ಬಳಸುವವರೊಬ್ಬರನ್ನು ಕರೆತಂದು ಮೇಸ್ತ್ರಿಯ ಎದುರಿಗೆ ಮಾತನಾಡಿಸಿರಿ; ಗಾರೆ ಒಣಗಿದ ಮೇಲೆ ಅವರನ್ನೇ ಮೊದಲು ಹತ್ತಿಸಿ ನೋಡಿರಿ.